ಫುಟ್‌ಬಾಲ್ ರೆಫರಿ: ಹವ್ಯಾಸಿಗಳ ತರಬೇತಿ ಮತ್ತು ಮುನ್ನಡೆ

ಯಾವುದೇ ಆಟವು ಸ್ಪರ್ಧೆಯ ಸ್ವರೂಪವನ್ನು ಪಡೆದ ಕೂಡಲೇ ಅದಕ್ಕೆ ಎರಡೂ ಪಕ್ಷಗಳಿಗೆ ಸೇರದ ಮೂರನೆಯ ವ್ಯಕ್ತಿಯೊಬ್ಬರ ಅಗತ್ಯ ಉಂಟಾಗುತ್ತದೆ. ಫುಟ್‌ಬಾಲ್ ಆಟದಲ್ಲಿ ಈ ಸ್ಥಾನ ರೆಫರಿಯದು. ಆಟಗಾರರಿಗೆ ಮೈದಾನ, ಚೆಂಡು ಮತ್ತು ತರಬೇತುದಾರರನ್ನು ಒದಗಿಸುವ ಕಾರ್ಯಕ್ಕೆ ನಮ್ಮಲ್ಲಿ ಸಾಕಷ್ಟು ಗಮನ ದೊರೆತಿದೆ. ಆದರೆ ಆ ಆಟವನ್ನು ನಿಯಮಬದ್ಧವಾಗಿ ನಡೆಸಿಕೊಡುವವರನ್ನು ಸಿದ್ಧಪಡಿಸುವ ವಿಷಯ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಅರ್ಹ ರೆಫರಿಗಳಿಲ್ಲದ ಪ್ರದೇಶದಲ್ಲಿ ಮಕ್ಕಳ ಪಂದ್ಯಗಳು ಜಗಳದಲ್ಲಿ ಮುಗಿಯುತ್ತವೆ, ಇಲ್ಲವೇ ನಡೆಯುವುದೇ ಇಲ್ಲ.

ಮುಂಬಯಿ ಮಹಾನಗರದ ಈಶಾನ್ಯ ಹಾಗೂ ಪೂರ್ವಕ್ಕೆ ಹಬ್ಬಿರುವ ಥಾಣೆ, ಡೊಂಬಿವಲಿ, ಕಲ್ಯಾಣ್ ಮತ್ತು ನವಿಮುಂಬಯಿ ಪ್ರದೇಶವನ್ನು ಉದಾಹರಣೆಯಾಗಿ ಇರಿಸಿಕೊಂಡು ಹವ್ಯಾಸಿ ರೆಫರಿಯ ತರಬೇತಿ ಹಾಗೂ ಮುನ್ನಡೆಯ ಹಂತಗಳನ್ನು ಇಲ್ಲಿ ವಿವರಿಸಲಾಗಿದೆ. ಕರಾವಳಿ ಕರ್ನಾಟಕದಿಂದ ಉದ್ಯೋಗಕ್ಕಾಗಿ ಬಂದು ನೆಲೆಸಿದ ಸಾವಿರಾರು ಕನ್ನಡ ಕುಟುಂಬಗಳಿಗೆ ಈ ಪಟ್ಟಣಗಳು ಮನೆಯಾಗಿವೆ. ಇಲ್ಲಿನ ಶಾಲೆಗಳಲ್ಲಿಯೂ ಸಂಘ ಸಂಸ್ಥೆಗಳಲ್ಲಿಯೂ ಬೆಳೆಯುತ್ತಿರುವ ತರುಣ ತರುಣಿಯರಿಗೆ ಈ ಮಾಹಿತಿ ಉಪಯುಕ್ತವಾಗಬಹುದು.

ಹಿನ್ನೆಲೆ

ಆರಂಭಕಾಲದ ಫುಟ್‌ಬಾಲ್‌ನಲ್ಲಿ ಪ್ರತಿ ತಂಡವೂ ತನ್ನದೇ ಆದ ಒಬ್ಬ ಅಂಪೈರ್‌ನನ್ನು ಕರೆತರುತ್ತಿತ್ತು. ಆಟಗಾರರು ಮೊರೆಯಿಟ್ಟರೆ ಮಾತ್ರ ಅವರು ತೀರ್ಪು ಕೊಡುತ್ತಿದ್ದರು. ಇಬ್ಬರಲ್ಲಿ ಭಿನ್ನಾಭಿಪ್ರಾಯ ಬಂದಾಗ ಗೆರೆಯ ಹೊರಗೆ ನಿಂತಿದ್ದ ರೆಫರಿಯ ಅಭಿಪ್ರಾಯ ಕೇಳಲಾಗುತ್ತಿತ್ತು. 1886ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಫುಟ್‌ಬಾಲ್ ಸಂಘಗಳ ಮಂಡಳಿಯು 1891ರಲ್ಲಿ ಈ ಪದ್ಧತಿಯನ್ನು ಬದಲಾಯಿಸಿತು. ರೆಫರಿಯು ಮೈದಾನದ ಒಳಕ್ಕೆ ಬಂದು ಏಕೈಕ ನಿರ್ಣಾಯಕನಾದರು; ಅಂಪೈರ್‌ಗಳು ಗೆರೆಯ ಬದಿಗೆ ಸರಿದು ಲೈನ್ಸ್‌ಮನ್‌ಗಳಾದರು. ಈ ಲೈನ್ಸ್‌ಮನ್‌ಗಳಿಗೆ 1996ರಿಂದ ಸಹಾಯಕ ರೆಫರಿ ಎಂಬ ಹೆಸರು ಬಂದಿದೆ.

ಅದೇ 1891ರಲ್ಲಿ ಮುಂಬಯಿಯಲ್ಲಿ ರೋವರ್ಸ್ ಕಪ್ ಸ್ಪರ್ಧೆ ಮೊದಲ ಬಾರಿಗೆ ನಡೆಯಿತು. ಶತಮಾನಕ್ಕೂ ಹೆಚ್ಚು ಕಾಲ ನಡೆದು ಈಗ ನಿಂತುಹೋಗಿರುವ ಈ ಸ್ಪರ್ಧೆಯನ್ನು ದೀರ್ಘಕಾಲ ಬ್ರಿಟಿಷ್ ಸೇನಾ ತಂಡಗಳೇ ಗೆಲ್ಲುತ್ತಿದ್ದವು. 1937ರಲ್ಲಿ ಭಾರತೀಯ ತಂಡಗಳ ಪೈಕಿ ಮೊದಲನೆಯದಾಗಿ ಅದನ್ನು ಗೆದ್ದದ್ದು ಬೆಂಗಳೂರು ಮುಸ್ಲಿಮ್ಸ್ ತಂಡ. ಕನ್ನಡ ನಾಡಿಗೂ ಮುಂಬಯಿಯ ಫುಟ್‌ಬಾಲ್‌ಗೂ ಇರುವ ನಂಟು ಇಷ್ಟು ಹಳೆಯದು ಎಂಬುದನ್ನು ಇಲ್ಲಿ ಸ್ಮರಿಸಬಹುದು.

ಇಂದು ಎಲ್ಲರಿಗೂ ಪರಿಚಿತವಾಗಿರುವ ಹಳದಿ ಮತ್ತು ಕೆಂಪು ಕಾರ್ಡುಗಳು ಬಂದದ್ದು ಬಹಳ ತಡವಾಗಿ. ಭಾಷೆ ತಿಳಿಯದ ಆಟಗಾರರಿಗೆ ತೀರ್ಪನ್ನು ಸ್ಪಷ್ಟವಾಗಿ ತಿಳಿಸುವ ಉಪಾಯವೊಂದನ್ನು ಹುಡುಕುತ್ತಿದ್ದ ಇಂಗ್ಲೆಂಡಿನ ರೆಫರಿ ಕೆನ್ ಆಸ್ಟನ್ ಅವರಿಗೆ ರಸ್ತೆಯ ಸಂಚಾರ ದೀಪಗಳಿಂದ ಈ ಕಲ್ಪನೆ ಹೊಳೆಯಿತು. 1970ರ ಮೆಕ್ಸಿಕೋ ವಿಶ್ವಕಪ್‌ನಲ್ಲಿ ಅವು ಮೊದಲ ಬಾರಿಗೆ ಬಳಕೆಗೆ ಬಂದವು. ಮರಾಠಿ, ಹಿಂದಿ, ಕನ್ನಡ, ತುಳು, ತಮಿಳು, ಮಲಯಾಳಂ ಮಾತನಾಡುವ ಆಟಗಾರರು ಒಂದೇ ಮೈದಾನದಲ್ಲಿ ಸೇರುವ ಡೊಂಬಿವಲಿಯಂತಹ ಊರಿನಲ್ಲಿ ಈ ಉಪಾಯದ ಬೆಲೆ ಸುಲಭವಾಗಿ ಅರಿವಾಗುತ್ತದೆ.

ಪ್ರದೇಶದ ಪರಿಸ್ಥಿತಿ

1853ರ ಏಪ್ರಿಲ್ 16ರಂದು ದೇಶದ ಮೊದಲ ಪ್ರಯಾಣಿಕರ ರೈಲು ಮುಂಬಯಿಯಿಂದ ಥಾಣೆಗೆ ಓಡಿತು. ಅಂದಿನಿಂದ ಈ ಪ್ರದೇಶದ ಬದುಕು ರೈಲು ಹಳಿಗಳಿಗೆ ಹೊಂದಿಕೊಂಡೇ ಬೆಳೆದಿದೆ. 1970ರಲ್ಲಿ ಸಿಡ್ಕೋ ಸಂಸ್ಥೆ ಸ್ಥಾಪನೆಯಾದ ಬಳಿಕ ಕೊಲ್ಲಿಯ ಆಚೆ ನವಿಮುಂಬಯಿ ರೂಪುಗೊಂಡಿತು. ನವಿಮುಂಬಯಿಯ ನೆರೂಲ್‌ನಲ್ಲಿರುವ ಡಿ. ವೈ. ಪಾಟೀಲ್ ಕ್ರೀಡಾಂಗಣದಲ್ಲಿ 2017ರ 17 ವರ್ಷದೊಳಗಿನವರ ವಿಶ್ವಕಪ್‌ನ ಪಂದ್ಯಗಳು ನಡೆದವು. 2022ರ ಅಕ್ಟೋಬರ್ 30ರಂದು ಅದೇ ವಯೋಮಿತಿಯ ಮಹಿಳಾ ವಿಶ್ವಕಪ್‌ನ ಅಂತಿಮ ಪಂದ್ಯವೂ ಅಲ್ಲಿಯೇ ಜರುಗಿ, ಸ್ಪೇನ್ ತಂಡವು ಕೊಲಂಬಿಯಾವನ್ನು 1–0 ಅಂತರದಿಂದ ಸೋಲಿಸಿತು.

ಆದರೆ ಹವ್ಯಾಸಿ ರೆಫರಿಯ ಕಾರ್ಯಕ್ಷೇತ್ರ ಇಂತಹ ಕ್ರೀಡಾಂಗಣವಲ್ಲ. ಶಾಲೆಯ ಅಂಗಳ, ನಗರಪಾಲಿಕೆಯ ಮೈದಾನ, ಕಲ್ಯಾಣದ ಸುಭಾಷ್ ಮೈದಾನದಂತಹ ಸಾರ್ವಜನಿಕ ಬಯಲು, ಇತ್ತೀಚಿನ ವರ್ಷಗಳಲ್ಲಿ ಎಲ್ಲೆಡೆ ತಲೆಯೆತ್ತಿರುವ ಕೃತಕ ಹುಲ್ಲಿನ ಸಣ್ಣ ಅಂಕಣ, ಇವೇ ಅವರ ಪಾಠಶಾಲೆ. ವಾರದ ಆರು ದಿನ ಕಚೇರಿ ಅಥವಾ ಕಾಲೇಜಿಗೆ ಹೋಗುವವರು ಭಾನುವಾರ ಬೆಳಿಗ್ಗೆ ಸೀಟಿ ಹಿಡಿಯುತ್ತಾರೆ. ಅದೇ ಭಾನುವಾರ ರೈಲ್ವೆಯ ಮೆಗಾ ಬ್ಲಾಕ್ ಇರುವ ಸಾಧ್ಯತೆಯೂ ಹೆಚ್ಚು. ಕಲ್ಯಾಣದಿಂದ ಹೊರಟು ಥಾಣೆಯಲ್ಲಿ ರೈಲು ಬದಲಿಸಿ ವಾಶಿಗೆ ತಲಪಬೇಕಾದ ರೆಫರಿಯು ಹಿಂದಿನ ದಿನವೇ ಪ್ರಯಾಣವನ್ನು ಯೋಜಿಸಿಕೊಳ್ಳಬೇಕು. ಪಂದ್ಯಕ್ಕೆ ಒಂದು ಗಂಟೆ ಮುಂಚೆ ಮೈದಾನದಲ್ಲಿರುವುದು ಈ ವೃತ್ತಿಯ ಮೊದಲ ಶಿಸ್ತು.

ಪ್ರವೇಶದ ಕ್ರಮ

ಭಾರತದಲ್ಲಿ ಈ ಆಟದ ಆಡಳಿತವು ಶ್ರೇಣಿಬದ್ಧವಾಗಿದೆ. 1937ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ರಾಷ್ಟ್ರೀಯ ಸಂಸ್ಥೆ. ಮಹಾರಾಷ್ಟ್ರದಲ್ಲಿ ಅದರ ಅಂಗಸಂಸ್ಥೆ 1911ರಷ್ಟು ಹಿಂದೆಯೇ ಆರಂಭವಾದ ವೆಸ್ಟರ್ನ್ ಇಂಡಿಯಾ ಫುಟ್‌ಬಾಲ್ ಅಸೋಸಿಯೇಷನ್. ಅದರ ಅಧೀನದಲ್ಲಿ ಜಿಲ್ಲಾ ಸಂಸ್ಥೆಗಳು ಕಾರ್ಯ ನಿರ್ವಹಿಸುತ್ತವೆ. ರೆಫರಿಯಾಗಬಯಸುವವರು ಜಿಲ್ಲಾ ಸಂಸ್ಥೆಯ ಅಥವಾ ರಾಜ್ಯ ಸಂಸ್ಥೆಯ ಪ್ರಕಟಣೆಗಳನ್ನು ಗಮನಿಸಿ, ಪ್ರಾಥಮಿಕ ಶಿಬಿರಕ್ಕೆ ಹೆಸರು ನೋಂದಾಯಿಸಬೇಕು. ನವಿಮುಂಬಯಿಯ ನಿವಾಸಿಗಳು ಒಂದು ಅಂಶವನ್ನು ನೆನಪಿಡಬೇಕು: ಐರೋಲಿಯಿಂದ ಬೇಲಾಪುರದವರೆಗಿನ ಭಾಗ ಥಾಣೆ ಜಿಲ್ಲೆಗೆ ಸೇರಿದರೆ, ಖಾರ್‌ಘರ್ ಮತ್ತು ಪನ್ವೇಲ್ ರಾಯಗಡ ಜಿಲ್ಲೆಗೆ ಸೇರುತ್ತವೆ. ಅರ್ಜಿಯನ್ನು ತಮ್ಮ ಜಿಲ್ಲೆಯಲ್ಲಿಯೇ ಸಲ್ಲಿಸುವುದು ಸೂಕ್ತ.

ವಯಸ್ಸಿನ ದಾಖಲೆ, ವಿಳಾಸದ ದಾಖಲೆ ಮತ್ತು ವೈದ್ಯಕೀಯ ಪ್ರಮಾಣಪತ್ರವನ್ನು ಸಿದ್ಧವಾಗಿ ಇಟ್ಟುಕೊಳ್ಳಬೇಕು. ಶಿಬಿರದಲ್ಲಿ ನಿಯಮಗಳ ಪಾಠ, ದೃಶ್ಯಾವಳಿಗಳ ಚರ್ಚೆ ಹಾಗೂ ಮೈದಾನದ ಅಭ್ಯಾಸ ಇರುತ್ತವೆ. ಕೊನೆಯಲ್ಲಿ ಅಭ್ಯರ್ಥಿಯ ನಿಯಮಜ್ಞಾನವನ್ನೂ ದೈಹಿಕ ಕ್ಷಮತೆಯನ್ನೂ ಪರೀಕ್ಷಿಸಲಾಗುತ್ತದೆ. ಉತ್ತಮ ಆಟಗಾರನಾಗಿರಬೇಕೆಂಬ ನಿರ್ಬಂಧವಿಲ್ಲ. ಆಡಿದ ಅನುಭವ ಸಹಾಯಕವಾಗುತ್ತದೆಂಬುದು ನಿಜವಾದರೂ, ಗಾಯದಿಂದಾಗಿ ಆಟ ಬಿಟ್ಟವರು, ತಂಡದಲ್ಲಿ ಸ್ಥಾನ ದೊರೆಯದವರು, ದೈಹಿಕ ಶಿಕ್ಷಣದ ಶಿಕ್ಷಕರು ಕೂಡ ಸಮರ್ಥ ರೆಫರಿಗಳಾಗಬಹುದು.

ನಿಯಮಗಳ ಅಧ್ಯಯನ

ಫುಟ್‌ಬಾಲ್‌ನ ನಿಯಮಗಳು ಒಟ್ಟು ಹದಿನೇಳು. ಮೈದಾನ, ಚೆಂಡು, ಆಟಗಾರರು, ಉಡುಪು, ರೆಫರಿ, ಇತರ ಅಧಿಕಾರಿಗಳು, ಅವಧಿ ಇವುಗಳಿಂದ ಮೊದಲ್ಗೊಂಡು ಹದಿನೇಳನೆಯ ಕಾರ್ನರ್ ಕಿಕ್‌ನವರೆಗೆ ಇವು ವ್ಯಾಪಿಸಿವೆ. ಅಳತೆಗಳನ್ನು ಬಾಯಿಪಾಠವಾಗಿಯೇ ಕಲಿಯಬೇಕು: ಗೋಲಿನ ಅಗಲ 7.32 ಮೀಟರ್, ಎತ್ತರ 2.44 ಮೀಟರ್, ಪೆನಾಲ್ಟಿ ಬಿಂದು ಗೋಲಿನಿಂದ 11 ಮೀಟರ್ ದೂರದಲ್ಲಿ, ಫ್ರೀ ಕಿಕ್ ವೇಳೆ ಎದುರಾಳಿಗಳು ನಿಲ್ಲಬೇಕಾದ ಅಂತರ 9.15 ಮೀಟರ್. ಒಂದು ತಂಡದಲ್ಲಿ ಏಳಕ್ಕಿಂತ ಕಡಿಮೆ ಆಟಗಾರರು ಉಳಿದರೆ ಪಂದ್ಯ ಮುಂದುವರಿಯುವಂತಿಲ್ಲ.

ಅಳತೆಗಿಂತ ಕಠಿಣವಾದುದು ವಿವೇಚನೆ. ಹನ್ನೆರಡನೆಯ ನಿಯಮವು ಫೌಲ್‌ಗಳನ್ನು ಮೂರು ಮಟ್ಟಗಳಲ್ಲಿ ಅಳೆಯುತ್ತದೆ. ಆಟಗಾರನ ಕ್ರಿಯೆ ಕೇವಲ ಅಜಾಗ್ರತೆಯದಾದರೆ ಫ್ರೀ ಕಿಕ್ ಸಾಕು. ಎದುರಾಳಿಗಾಗುವ ಅಪಾಯವನ್ನು ಲೆಕ್ಕಿಸದೆ ದುಡುಕಿದರೆ ಹಳದಿ ಕಾರ್ಡು. ಮಿತಿಮೀರಿದ ಬಲವನ್ನು ಪ್ರಯೋಗಿಸಿ ಎದುರಾಳಿಯ ಸುರಕ್ಷತೆಗೆ ಕುತ್ತು ತಂದರೆ ಕೆಂಪು ಕಾರ್ಡು. ಹೊಸ ರೆಫರಿಯು ಪ್ರತಿ ಸೀಟಿಯ ಜೊತೆಗೆ ಈ ಮೂರರಲ್ಲಿ ಯಾವುದು ಎಂಬ ಪ್ರಶ್ನೆಯನ್ನು ಮನಸ್ಸಿನಲ್ಲಿಯೇ ಕೇಳಿಕೊಳ್ಳುವ ಅಭ್ಯಾಸ ಮಾಡಿಕೊಂಡರೆ, ಕಾರ್ಡುಗಳ ಬಳಕೆಯಲ್ಲಿ ಏಕರೂಪತೆ ತಾನಾಗಿಯೇ ಬರುತ್ತದೆ.

ಆಫ್‌ಸೈಡ್ ಕುರಿತಾದ ಹನ್ನೊಂದನೆಯ ನಿಯಮವು ಪ್ರೇಕ್ಷಕರಲ್ಲಿ ಅತಿ ಹೆಚ್ಚು ತಪ್ಪು ಕಲ್ಪನೆಗಳಿಗೆ ಎಡೆಮಾಡಿದೆ. ಆಫ್‌ಸೈಡ್ ಸ್ಥಾನದಲ್ಲಿ ನಿಂತಿರುವುದೇ ಅಪರಾಧವಲ್ಲ. ಅಲ್ಲಿಂದ ಆಟದಲ್ಲಿ ಪಾಲ್ಗೊಂಡಾಗ ಮಾತ್ರ ಅದು ಅಪರಾಧವಾಗುತ್ತದೆ. ಗೋಲ್ ಕಿಕ್, ಥ್ರೋ ಇನ್ ಮತ್ತು ಕಾರ್ನರ್ ಕಿಕ್‌ನಿಂದ ಚೆಂಡು ನೇರವಾಗಿ ಬಂದರೆ ಆಫ್‌ಸೈಡ್ ಅಪರಾಧವೇ ಇಲ್ಲ.

ನಿಯಮಗಳು ಕಾಲಕಾಲಕ್ಕೆ ಪರಿಷ್ಕೃತವಾಗುತ್ತವೆ ಎಂಬುದನ್ನು ಮರೆಯಬಾರದು. ಸಹ ಆಟಗಾರನು ಉದ್ದೇಶಪೂರ್ವಕವಾಗಿ ಕಾಲಿನಿಂದ ಹಿಂದಕ್ಕೆ ಕೊಟ್ಟ ಚೆಂಡನ್ನು ಗೋಲ್‌ಕೀಪರ್ ಕೈಯಿಂದ ಹಿಡಿಯಬಾರದೆಂಬ ನಿಯಮ 1992ರಲ್ಲಿ ಬಂತು. 2019ರಿಂದ ತಂಡದ ಅಧಿಕಾರಿಗಳಿಗೂ ಕಾರ್ಡು ತೋರಿಸಬಹುದಾಗಿದೆ. 2025ರ ಜುಲೈಯಿಂದ ಗೋಲ್‌ಕೀಪರ್ ಎಂಟು ಸೆಕೆಂಡಿಗಿಂತ ಹೆಚ್ಚು ಕಾಲ ಚೆಂಡನ್ನು ಕೈಯಲ್ಲಿ ಹಿಡಿದಿಟ್ಟುಕೊಂಡರೆ ಎದುರಾಳಿ ತಂಡಕ್ಕೆ ಕಾರ್ನರ್ ಕಿಕ್ ಕೊಡಲಾಗುತ್ತದೆ. ಕೊನೆಯ ಐದು ಸೆಕೆಂಡುಗಳನ್ನು ರೆಫರಿಯು ಕೈಯೆತ್ತಿ ಎಣಿಸಿ ತೋರಿಸಬೇಕು. ಪ್ರತಿ ವರ್ಷ ಹೊಸ ಆವೃತ್ತಿಯನ್ನು ಓದದ ರೆಫರಿಯು ಹಳೆಯ ನಿಯಮದಂತೆ ತೀರ್ಪು ಕೊಟ್ಟು ಮುಜುಗರಕ್ಕೀಡಾಗುವ ಸಂಭವವಿದೆ. ಕನ್ನಡ ಮಾಧ್ಯಮದಲ್ಲಿ ಓದಿದವರು ಪ್ರತಿ ನಿಯಮವನ್ನು ಓದಿದ ಮೇಲೆ ಅದರ ಅರ್ಥವನ್ನು ತಮ್ಮ ಮಾತಿನಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯ ರೂಢಿ.

ದೇಹದ ಸಿದ್ಧತೆ

ಉನ್ನತ ಮಟ್ಟದ ಪಂದ್ಯದಲ್ಲಿ ರೆಫರಿಯು ಸುಮಾರು 10ರಿಂದ 12 ಕಿಲೋಮೀಟರ್ ಓಡುತ್ತಾರೆ. ಅದರಲ್ಲಿ ನಡಿಗೆ, ನಿಧಾನ ಓಟ, ಹಿಮ್ಮುಖ ಓಟ ಮತ್ತು ರಭಸದ ಓಟ ಬೆರೆತಿರುತ್ತವೆ. ಆದುದರಿಂದ ಒಂದೇ ವೇಗದಲ್ಲಿ ದೂರ ಓಡುವ ಅಭ್ಯಾಸ ಮಾತ್ರ ಸಾಲದು. ಅಂತರರಾಷ್ಟ್ರೀಯ ಮಟ್ಟದ ಪುರುಷ ರೆಫರಿಗಳ ಪರೀಕ್ಷೆಯಲ್ಲಿ 40 ಮೀಟರ್‌ಗಳ ಆರು ರಭಸದ ಓಟಗಳಿರುತ್ತವೆ. ಪ್ರತಿಯೊಂದನ್ನೂ 6 ಸೆಕೆಂಡುಗಳೊಳಗೆ ಮುಗಿಸಬೇಕು. ಅನಂತರ 75 ಮೀಟರ್‌ಗಳನ್ನು 15 ಸೆಕೆಂಡುಗಳಲ್ಲಿ ಓಡಿ, 25 ಮೀಟರ್‌ಗಳನ್ನು 18 ಸೆಕೆಂಡುಗಳಲ್ಲಿ ನಡೆದು, ಇದನ್ನೇ 40 ಬಾರಿ ಪುನರಾವರ್ತಿಸಬೇಕು. ಇದು 400 ಮೀಟರ್ ಪಥದ ಹತ್ತು ಸುತ್ತುಗಳಿಗೆ ಸಮ. ಹೊಸಬರಿಂದ ಇಷ್ಟನ್ನು ನಿರೀಕ್ಷಿಸುವುದಿಲ್ಲವಾದರೂ ಗುರಿ ಯಾವುದೆಂಬುದು ತಿಳಿದಿರಬೇಕು.

ವಾರಕ್ಕೆ ಮೂರು ದಿನಗಳ ಅಭ್ಯಾಸವನ್ನು ಉದ್ಯೋಗಸ್ಥರೂ ಹೊಂದಿಸಿಕೊಳ್ಳಬಹುದು. ಒಂದು ದಿನ ನಿಧಾನದ ದೀರ್ಘ ಓಟ, ಇನ್ನೊಂದು ದಿನ ಓಟ ಮತ್ತು ನಡಿಗೆಯ ಸರದಿ, ಮೂರನೆಯ ದಿನ ಸಣ್ಣ ರಭಸದ ಓಟಗಳು ಹಾಗೂ ಅಡ್ಡ ಚಲನೆ. ಪಂದ್ಯದ ಹಿಂದಿನ ದಿನ ವಿಶ್ರಾಂತಿ ಅಗತ್ಯ. ರಾತ್ರಿ ಪಾಳಿಯಲ್ಲಿ ದುಡಿದು ನಿದ್ದೆಗೆಟ್ಟು ನೇರವಾಗಿ ಮೈದಾನಕ್ಕೆ ಬರುವುದು ದೇಹಕ್ಕೂ ತೀರ್ಪಿಗೂ ಹಾನಿಕರ. ದಣಿದ ರೆಫರಿಯು ಚೆಂಡಿನಿಂದ ದೂರ ಉಳಿಯುತ್ತಾರೆ. ದೂರದಿಂದ ಕೊಟ್ಟ ತೀರ್ಪು ಸರಿಯಾಗಿದ್ದರೂ ಅದನ್ನು ಆಟಗಾರರು ಒಪ್ಪುವುದಿಲ್ಲ.

ನಿಲ್ಲುವ ಸ್ಥಾನ

ರೆಫರಿಯು ಮೈದಾನದ ಒಂದು ಮೂಲೆಯ ಕಡೆಯಿಂದ ಎದುರು ಮೂಲೆಯ ಕಡೆಗೆ ಕರ್ಣರೇಖೆಯಲ್ಲಿ ಚಲಿಸಿದರೆ, ಇಬ್ಬರು ಸಹಾಯಕರು ಉಳಿದ ಎರಡು ಬದಿಗಳನ್ನು ನೋಡಿಕೊಳ್ಳುತ್ತಾರೆ. ಹೀಗೆ ಚೆಂಡು ಸದಾ ರೆಫರಿ ಮತ್ತು ಒಬ್ಬ ಸಹಾಯಕರ ನಡುವೆ ಇರುತ್ತದೆ. ಈ ಕರ್ಣ ಪದ್ಧತಿಯನ್ನು ಬಳಕೆಗೆ ತಂದವರು ಇಂಗ್ಲೆಂಡಿನ ಸ್ಟ್ಯಾನ್ಲಿ ರೌಸ್. ಮುಂದೆ 1961ರಿಂದ 1974ರವರೆಗೆ ಫಿಫಾ ಅಧ್ಯಕ್ಷರಾಗಿದ್ದವರೂ ಇವರೇ.

ಸ್ಥಳೀಯ ಪಂದ್ಯಗಳಲ್ಲಿ ತರಬೇತಿ ಪಡೆದ ಸಹಾಯಕರು ಯಾವಾಗಲೂ ದೊರೆಯುವುದಿಲ್ಲ. ಆಗ ತಂಡಗಳಿಂದ ಒಬ್ಬೊಬ್ಬರನ್ನು ಬಾವುಟದೊಂದಿಗೆ ನಿಲ್ಲಿಸಿ, ಚೆಂಡು ಹೊರಹೋದುದನ್ನು ಮಾತ್ರ ಸೂಚಿಸಲು ಹೇಳಬೇಕು. ಆಫ್‌ಸೈಡ್ ತೀರ್ಪನ್ನು ರೆಫರಿಯೇ ಕೊಡಬೇಕಾದುದರಿಂದ, ಅವರು ಮೈದಾನದ ಮಧ್ಯದಲ್ಲಿ ಉಳಿಯದೆ ಸ್ವಲ್ಪ ಬದಿಗೆ ಸರಿದು ರಕ್ಷಕರ ಸಾಲು ಕಾಣುವಂತೆ ಓಡುವುದು ಮೇಲು.

ನಿಲ್ಲುವ ಸ್ಥಾನ ಎಷ್ಟು ನಿರ್ಣಾಯಕ ಎಂಬುದಕ್ಕೆ ನೆರೂಲ್‌ನಲ್ಲಿಯೇ ನಡೆದ ನಿದರ್ಶನವಿದೆ. 2017ರ ಅಕ್ಟೋಬರ್ 25ರಂದು ಮಾಲಿ ಮತ್ತು ಸ್ಪೇನ್ ತಂಡಗಳ ನಡುವಣ ಸೆಮಿಫೈನಲ್‌ನಲ್ಲಿ ಮಾಲಿಯ ಆಟಗಾರನೊಬ್ಬ ದೂರದಿಂದ ಹೊಡೆದ ಚೆಂಡು ಅಡ್ಡಪಟ್ಟಿಗೆ ಬಡಿದು, ಗೋಲಿನ ಗೆರೆಯ ಒಳಗೆ ಪುಟಿದು ಹೊರಬಂತು. ಗೋಲು ಸಿಗಲಿಲ್ಲ. ಚೆಂಡು ಗೆರೆಯನ್ನು ದಾಟಿತ್ತೆಂಬುದನ್ನು ದೂರದರ್ಶನದ ದೃಶ್ಯಗಳು ಅನಂತರ ತೋರಿಸಿದವು. ಆ ಪಂದ್ಯವನ್ನು ಸ್ಪೇನ್ 3–1ರಿಂದ ಗೆದ್ದಿತು. ದೂರದ ಹೊಡೆತವೊಂದು ಗೋಲಿನತ್ತ ಹಾರುವಾಗ ಆಫ್‌ಸೈಡ್ ಸಾಲಿನಲ್ಲಿರುವ ಸಹಾಯಕರು ಗೋಲಿನ ಗೆರೆಯವರೆಗೆ ಓಡಿ ತಲಪಲು ಸಮಯ ಸಾಲದು. ವಿಶ್ವ ಮಟ್ಟಕ್ಕೆ ಆಯ್ಕೆಯಾದ ಅಧಿಕಾರಿಗಳಿಗೇ ಕೆಲವು ಕ್ಷಣಗಳು ಕಣ್ತಪ್ಪುವುದುಂಟು. ಹವ್ಯಾಸಿ ರೆಫರಿಯು ಇದರಿಂದ ಕಲಿಯಬೇಕಾದದ್ದು ಎರಡು ಪಾಠಗಳು: ಸಾಧ್ಯವಾದಷ್ಟು ಹತ್ತಿರವಿರಬೇಕು, ಕಾಣದಿದ್ದುದನ್ನು ಊಹಿಸಿ ತೀರ್ಪು ಕೊಡಬಾರದು.

ಮೊದಲ ಪಂದ್ಯಗಳು

ಪ್ರಾಥಮಿಕ ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ಸಾಮಾನ್ಯವಾಗಿ ಮಕ್ಕಳ ಮತ್ತು ಶಾಲೆಗಳ ಪಂದ್ಯಗಳನ್ನು ವಹಿಸಲಾಗುತ್ತದೆ. 1960ರಿಂದ ನಡೆಯುತ್ತಿರುವ ಸುಬ್ರತೋ ಕಪ್‌ನಂತಹ ಅಂತರಶಾಲಾ ಸ್ಪರ್ಧೆಗಳ ಕೆಳಹಂತದ ಪಂದ್ಯಗಳಿಗೆ ಪ್ರತಿ ವರ್ಷ ಅನೇಕ ರೆಫರಿಗಳು ಬೇಕಾಗುತ್ತಾರೆ. ಎರಡು ಸೀಟಿ, ಎರಡು ಗಡಿಯಾರ, ಹಳದಿ ಮತ್ತು ಕೆಂಪು ಕಾರ್ಡು, ಟಿಪ್ಪಣಿ ಪುಸ್ತಕ, ಪೆನ್ಸಿಲ್ ಮತ್ತು ನಾಣ್ಯ ಚೀಲದಲ್ಲಿರಬೇಕು. ಮಳೆಗಾಲದಲ್ಲಿ ಪೆನ್ನಿಗಿಂತ ಪೆನ್ಸಿಲ್ ಮೇಲೆಂಬುದನ್ನು ಅನುಭವಿಗಳು ಬಲ್ಲರು.

ಮೈದಾನದ ತಪಾಸಣೆ ರೆಫರಿಯ ಕರ್ತವ್ಯ. ಗೋಲಿನ ಕಂಬಗಳು ನೆಲಕ್ಕೆ ಭದ್ರವಾಗಿರಬೇಕು, ಬಲೆ ಹರಿದಿರಬಾರದು, ಗಾಜಿನ ಚೂರು, ಕಲ್ಲುಗಳಿರಬಾರದು. ಕೊಂಕಣದ ಮಳೆಯಲ್ಲಿ ನೀರು ನಿಂತ ಮೈದಾನವನ್ನು ಪರೀಕ್ಷಿಸಲು ಚೆಂಡನ್ನು ಹಲವೆಡೆ ಬೀಳಿಸಿ ಮತ್ತು ಉರುಳಿಸಿ ನೋಡಬೇಕು. ಚೆಂಡು ಪುಟಿಯದೆ ಸಿಕ್ಕಿಬಿದ್ದರೆ, ಅಥವಾ ಜಾರಿ ಬೀಳುವ ಅಪಾಯ ಹೆಚ್ಚಿದ್ದರೆ, ಪಂದ್ಯವನ್ನು ಮುಂದೂಡುವ ಧೈರ್ಯ ಬೇಕು. ಗುಡುಗು ಮಿಂಚು ಕಂಡಾಗ ಎಲ್ಲರನ್ನೂ ಕಟ್ಟಡದೊಳಗೆ ಕಳುಹಿಸಿ, ಕೊನೆಯ ಗುಡುಗಿನ ಬಳಿಕ ಅರ್ಧ ಗಂಟೆ ಕಾಯುವುದು ಸುರಕ್ಷಿತ ಕ್ರಮ. ಏಪ್ರಿಲ್ ಮತ್ತು ಮೇ ತಿಂಗಳ ಸೆಕೆಯಲ್ಲಿ ಸ್ಪರ್ಧೆಯ ನಿಯಮಾವಳಿಗೆ ಅನುಗುಣವಾಗಿ ನೀರು ಕುಡಿಯುವ ವಿರಾಮ ಕೊಡಬಹುದು.

ಆಟಗಾರರ ಮೈಮೇಲಿನ ಉಂಗುರ, ಕಡಗ, ಕೊರಳ ಸರ, ಓಲೆ ಇವುಗಳನ್ನು ತೆಗೆಸಬೇಕು. ಪಟ್ಟಿ ಸುತ್ತಿ ಮುಚ್ಚಿದರೆ ಸಾಲದು. ಸುರಕ್ಷಿತವಾದ ತಲೆವಸ್ತ್ರವನ್ನು ಧರಿಸಲು 2014ರಿಂದ ಅವಕಾಶವಿದೆ. ಮಕ್ಕಳ ಪಂದ್ಯಗಳಲ್ಲಿ ವಯಸ್ಸಿನ ಬಗ್ಗೆ ಆಕ್ಷೇಪ ಬಂದರೆ ರೆಫರಿಯು ಅದನ್ನು ತಾನೇ ತೀರ್ಮಾನಿಸಲು ಹೋಗಬಾರದು; ಆಕ್ಷೇಪವನ್ನು ದಾಖಲಿಸಿ ಸಂಘಟನಾ ಸಮಿತಿಗೆ ಒಪ್ಪಿಸಬೇಕು.

ನಿಷ್ಪಕ್ಷಪಾತವು ಇರುವುದರ ಜೊತೆಗೆ ಕಾಣಿಸಲೂ ಬೇಕು. ತನ್ನ ಶಾಲೆ, ತನ್ನ ಸಂಘ ಅಥವಾ ಹತ್ತಿರದ ಸಂಬಂಧಿಕರು ಆಡುವ ಪಂದ್ಯಕ್ಕೆ ನೇಮಕವಾದರೆ ಅದನ್ನು ಮೊದಲೇ ತಿಳಿಸಿ ಹಿಂದೆ ಸರಿಯುವುದು ಯೋಗ್ಯ. ಕನ್ನಡ ಬಲ್ಲ ರೆಫರಿಯು ಒಂದು ತಂಡದ ಕನ್ನಡಿಗ ಆಟಗಾರನೊಡನೆ ಮೈದಾನದಲ್ಲಿ ಕನ್ನಡದಲ್ಲಿ ಹರಟಿದರೆ, ಅದು ಸೌಜನ್ಯದ ಮಾತೇ ಆಗಿದ್ದರೂ ಎದುರು ತಂಡದಲ್ಲಿ ಸಂಶಯ ಹುಟ್ಟುತ್ತದೆ. ಎಲ್ಲರಿಗೂ ತಿಳಿಯುವ ಭಾಷೆಯಲ್ಲಿ, ಕೆಲವೇ ಮಾತುಗಳಲ್ಲಿ ವ್ಯವಹರಿಸುವುದು ಕ್ಷೇಮಕರ.

ನಿಂದನೆಯ ಸಮಸ್ಯೆ

ಹೊಸ ರೆಫರಿಗಳು ಈ ಕ್ಷೇತ್ರವನ್ನು ತೊರೆಯಲು ನಿಯಮಗಳ ಕ್ಲಿಷ್ಟತೆಯಾಗಲಿ ಓಟದ ಶ್ರಮವಾಗಲಿ ಮುಖ್ಯ ಕಾರಣವಲ್ಲ. ಗೆರೆಯ ಆಚೆಯಿಂದ ಬರುವ ಬೈಗುಳವೇ ಅವರನ್ನು ಎದೆಗುಂದಿಸುತ್ತದೆ. ಹದಿನೆಂಟು ಇಪ್ಪತ್ತರ ಹರೆಯದ ತರುಣನೊಬ್ಬ ಹನ್ನೆರಡು ವರ್ಷದ ಮಕ್ಕಳ ಪಂದ್ಯ ನಡೆಸುವಾಗ, ಅವನಿಗಿಂತ ಎರಡು ಪಟ್ಟು ವಯಸ್ಸಿನ ಪೋಷಕರು ಮತ್ತು ತರಬೇತುದಾರರು ಕೂಗಾಡುವ ದೃಶ್ಯ ಜಗತ್ತಿನ ಎಲ್ಲೆಡೆ ಸಾಮಾನ್ಯವಾಗಿದೆ. ಇಂಗ್ಲೆಂಡಿನಲ್ಲಿ ಹವ್ಯಾಸಿ ರೆಫರಿಗಳು ಎದೆಗೆ ಕ್ಯಾಮೆರಾ ಧರಿಸುವ ಪ್ರಯೋಗವನ್ನು 2023ರಲ್ಲಿ ಆರಂಭಿಸಬೇಕಾಗಿ ಬಂದುದು ಈ ಸಮಸ್ಯೆಯ ಆಳವನ್ನು ತೋರಿಸುತ್ತದೆ.

ನಿಯಮವು ರೆಫರಿಯನ್ನು ನಿರಾಯುಧನಾಗಿ ಬಿಟ್ಟಿಲ್ಲ. ತೀರ್ಪಿಗೆ ಮಾತಿನಿಂದ ಅಥವಾ ಹಾವಭಾವದಿಂದ ಪ್ರತಿಭಟನೆ ತೋರಿದರೆ ಹಳದಿ ಕಾರ್ಡು. ಅವಮಾನಕರ ಅಥವಾ ನಿಂದನೀಯ ಭಾಷೆ ಬಳಸಿದರೆ ಕೆಂಪು ಕಾರ್ಡು. ಪೂರ್ವ ತಪಾಸಣೆಗಾಗಿ ಮೈದಾನವನ್ನು ಪ್ರವೇಶಿಸಿದ ಕ್ಷಣದಿಂದ ಪಂದ್ಯದ ನಂತರ ಅಲ್ಲಿಂದ ಹೊರಡುವವರೆಗೆ ರೆಫರಿಗೆ ಶಿಸ್ತಿನ ಅಧಿಕಾರವಿರುತ್ತದೆ. ತಂಡದ ನಾಯಕನು ಮಾತ್ರ ರೆಫರಿಯ ಬಳಿ ಬಂದು ವಿವರಣೆ ಕೇಳಬಹುದೆಂಬ ಮಾರ್ಗಸೂಚಿಯೂ ಈಚೆಗೆ ರೂಪುಗೊಂಡಿದೆ. ಸ್ಥಳೀಯ ಸ್ಪರ್ಧೆಗಳ ಸಂಘಟಕರು ಅದನ್ನು ಅಳವಡಿಸಿಕೊಂಡರೆ ಬಹಳಷ್ಟು ಗದ್ದಲ ತಗ್ಗುತ್ತದೆ.

ಆದರೆ ಕಾರ್ಡು ಕೊನೆಯ ಉಪಾಯ. ಮೊದಲು ಶಾಂತವಾದ ಒಂದು ಮಾತು. ಅನಂತರ ಎಲ್ಲರಿಗೂ ಕಾಣುವಂತೆ ನಿಲ್ಲಿಸಿ ಎಚ್ಚರಿಕೆ. ಆಮೇಲೆ ಕಾರ್ಡು, ಎಂಬ ಕ್ರಮವನ್ನು ಸಣ್ಣ ಪ್ರತಿಭಟನೆಗಳಿಗೆ ಅನುಸರಿಸಬಹುದು. ತಪ್ಪು ಅರಿವಾದರೆ, ಆಟ ಮತ್ತೆ ಆರಂಭವಾಗುವ ಮೊದಲು ತೀರ್ಪನ್ನು ಬದಲಾಯಿಸಲು ಅವಕಾಶವಿದೆ. ಅದನ್ನು ಬಳಸಿಕೊಳ್ಳುವುದರಲ್ಲಿ ಅವಮಾನವಿಲ್ಲ. ಆದರೆ ಒಂದು ತಪ್ಪನ್ನು ಸರಿದೂಗಿಸಲು ಇನ್ನೊಂದು ತಪ್ಪು ತೀರ್ಪು ಕೊಡುವುದು ಸಲ್ಲದು. ಹಲ್ಲೆಯ ಬೆದರಿಕೆ ಇದ್ದರೆ ಪಂದ್ಯವನ್ನು ನಿಲ್ಲಿಸಿ, ಸಹಾಯಕರೊಂದಿಗೆ ಒಟ್ಟಾಗಿ ಮೈದಾನವನ್ನು ಬಿಡಬೇಕು. ಹೊಸಬರು ಮೊದಲ ಋತುವಿನಲ್ಲಿ ಒಬ್ಬಂಟಿಯಾಗಿ ಹೋಗದೆ ಅನುಭವಿ ರೆಫರಿಯೊಬ್ಬರ ಜೊತೆಯಲ್ಲಿ ಹೋಗುವಂತೆ ಜಿಲ್ಲಾ ಸಂಸ್ಥೆಗಳು ವ್ಯವಸ್ಥೆ ಮಾಡಿದರೆ, ತೊರೆದು ಹೋಗುವವರ ಸಂಖ್ಯೆಯನ್ನು ಕಡಿಮೆ ಮಾಡಬಹುದು.

ವರದಿಯ ಮಹತ್ವ

ಪಂದ್ಯ ಮುಗಿದ ಮೇಲೆ ರೆಫರಿಯ ಕೆಲಸ ಮುಗಿಯುವುದಿಲ್ಲ. ಕಾರ್ಡುಗಳು, ಗಾಯಗಳು ಹಾಗೂ ಅಹಿತಕರ ಘಟನೆಗಳ ಲಿಖಿತ ವರದಿಯನ್ನು ಅಂದೇ ಬರೆಯಬೇಕು. ಶಿಸ್ತು ಸಮಿತಿಯ ಮುಂದೆ ಈ ವರದಿಯೇ ಮುಖ್ಯ ಆಧಾರ. ವರದಿಯಲ್ಲಿ ಅಭಿಪ್ರಾಯವಿರಬಾರದು, ಕಂಡದ್ದಿರಬೇಕು. ಆಟಗಾರನು ಒರಟಾಗಿ ವರ್ತಿಸಿದನು ಎಂದು ಬರೆದರೆ ಏನೂ ತಿಳಿಯುವುದಿಲ್ಲ. ಎಷ್ಟನೆಯ ನಿಮಿಷ, ಯಾವ ಸಂಖ್ಯೆಯ ಆಟಗಾರ, ಚೆಂಡು ಎಲ್ಲಿತ್ತು, ಯಾವ ಕಾಲಿನಿಂದ ಎದುರಾಳಿಯ ಯಾವ ಭಾಗಕ್ಕೆ ಒದ್ದನು, ರೆಫರಿ ಎಷ್ಟು ದೂರದಿಂದ ಕಂಡರು, ಬಳಿಕ ಆಟ ಹೇಗೆ ಆರಂಭವಾಯಿತು ಎಂಬ ಕ್ರಮದಲ್ಲಿ ಬರೆದರೆ ಸಮಿತಿಗೆ ಸಂದೇಹ ಉಳಿಯುವುದಿಲ್ಲ. ಆಡಿದ ಬೈಗುಳವನ್ನು ಮರೆಮಾಚದೆ, ಆಡಿದ ಭಾಷೆಯಲ್ಲಿಯೇ ದಾಖಲಿಸಬೇಕು. ಸಂಕೋಚದಿಂದ ವರದಿ ಮಾಡದೆ ಬಿಟ್ಟರೆ ಅದೇ ಆಟಗಾರ ಮುಂದಿನ ವಾರ ಇನ್ನೊಬ್ಬ ರೆಫರಿಯ ಮೇಲೆರಗುತ್ತಾನೆ.

ಮುನ್ನಡೆಯ ಹಂತಗಳು

ಜಿಲ್ಲೆ, ರಾಜ್ಯ, ರಾಷ್ಟ್ರ, ಅಂತರರಾಷ್ಟ್ರೀಯ ಎಂಬುದು ಮುನ್ನಡೆಯ ಸ್ಥೂಲ ಕ್ರಮ. ಪ್ರತಿ ಹಂತದಲ್ಲಿಯೂ ಕ್ಷಮತಾ ಪರೀಕ್ಷೆ, ನಿಯಮಗಳ ಪರೀಕ್ಷೆ ಹಾಗೂ ಮೈದಾನದ ಬದಿಯಲ್ಲಿ ಕುಳಿತು ನೋಡುವ ಮೌಲ್ಯಮಾಪಕರ ಅಭಿಪ್ರಾಯ ಗಣನೆಗೆ ಬರುತ್ತವೆ. ಮೌಲ್ಯಮಾಪಕರ ಟೀಕೆಯನ್ನು ದೂರೆಂದು ಭಾವಿಸದೆ, ಮುಂದಿನ ಪಂದ್ಯದಲ್ಲಿ ತಿದ್ದಿಕೊಳ್ಳಬೇಕಾದ ಒಂದು ಅಥವಾ ಎರಡು ಅಂಶಗಳನ್ನು ಮಾತ್ರ ಆರಿಸಿಕೊಂಡು ಅಭ್ಯಾಸ ಮಾಡುವವರು ಬೇಗ ಮುಂದೆ ಬರುತ್ತಾರೆ. ರಾಷ್ಟ್ರೀಯ ಫೆಡರೇಷನ್ ಶಿಫಾರಸು ಮಾಡಿದವರ ಪೈಕಿ ಆಯ್ಕೆಯಾದವರಿಗೆ ಫಿಫಾ ಲಾಂಛನ ದೊರೆಯುತ್ತದೆ. ಇದಕ್ಕೆ ರೆಫರಿಗೆ ಕನಿಷ್ಠ 25, ಸಹಾಯಕ ರೆಫರಿಗೆ 23 ವರ್ಷ ವಯಸ್ಸಾಗಿರಬೇಕು. ಲಾಂಛನದ ಅವಧಿ ಒಂದು ವರ್ಷ ಮಾತ್ರ. ಪ್ರತಿ ವರ್ಷವೂ ಅರ್ಹತೆಯನ್ನು ಹೊಸದಾಗಿ ಸಾಬೀತುಪಡಿಸಬೇಕು. ಎಲ್ಲರಿಗೂ ಮುಖ್ಯ ರೆಫರಿಯಾಗಿಯೇ ಮುಂದುವರಿಯುವ ಅಗತ್ಯವಿಲ್ಲ. ಸಹಾಯಕ ರೆಫರಿಯ ಕಾರ್ಯ ಪ್ರತ್ಯೇಕ ಕೌಶಲವಾಗಿ ಬೆಳೆದಿದೆ. ತಮಿಳುನಾಡಿನ ಕೋಮಲೀಶ್ವರನ್ ಶಂಕರ್ ಅವರು 2002ರ ವಿಶ್ವಕಪ್‌ನಲ್ಲಿ ಕಾರ್ಯ ನಿರ್ವಹಿಸಿದ್ದು ಸಹಾಯಕ ರೆಫರಿಯಾಗಿಯೇ.

ಮಹಿಳೆಯರಿಗೂ ಈ ಕ್ಷೇತ್ರ ತೆರೆದಿದೆ. ಗೋವಾದ ಉವೇನಾ ಫೆರ್ನಾಂಡಿಸ್ ಅವರು 2016ರಲ್ಲಿ ಜೋರ್ಡಾನ್‌ನಲ್ಲಿ ನಡೆದ 17 ವರ್ಷದೊಳಗಿನ ಮಹಿಳೆಯರ ವಿಶ್ವಕಪ್‌ನಲ್ಲಿ ಸಹಾಯಕ ರೆಫರಿಯಾಗಿದ್ದರು. 2017ರಲ್ಲಿ ಕೋಲ್ಕತ್ತದಲ್ಲಿ ಜಪಾನ್ ಮತ್ತು ನ್ಯೂ ಕ್ಯಾಲಿಡೋನಿಯಾ ಬಾಲಕರ ತಂಡಗಳ ಪಂದ್ಯವನ್ನು ಸ್ವಿಟ್ಜರ್ಲೆಂಡಿನ ಎಸ್ತರ್ ಸ್ಟೌಬ್ಲಿ ನಡೆಸಿಕೊಟ್ಟರು. ಫಿಫಾದ ಪುರುಷರ ಸ್ಪರ್ಧೆಯೊಂದರಲ್ಲಿ ಮಹಿಳೆಯೊಬ್ಬರು ಮುಖ್ಯ ರೆಫರಿಯಾದುದು ಅದೇ ಮೊದಲು. ಸ್ಥಳೀಯ ಮಟ್ಟದಲ್ಲಿ ಬಟ್ಟೆ ಬದಲಿಸಲು ಪ್ರತ್ಯೇಕ ಕೊಠಡಿ, ಶೌಚಾಲಯ ಮತ್ತು ಸುರಕ್ಷಿತ ಪ್ರಯಾಣ ಇವುಗಳ ಏರ್ಪಾಡಿದ್ದರೆ ಇನ್ನಷ್ಟು ತರುಣಿಯರು ಮುಂದೆ ಬರಲು ಸಾಧ್ಯ.

ಸಮುದಾಯದ ಹೊಣೆ

ಹವ್ಯಾಸಿ ರೆಫರಿಗೆ ದೊರೆಯುವ ಸಂಭಾವನೆ ಅಲ್ಪವಾದುದು. ಅದನ್ನು ಜೀವನೋಪಾಯವೆಂದು ಭಾವಿಸಿ ಬರುವವರು ನಿರಾಶರಾಗುತ್ತಾರೆ. ಆದರೆ ದೇಹದಾರ್ಢ್ಯ, ಒತ್ತಡದಲ್ಲಿ ಶಾಂತವಾಗಿ ನಿರ್ಧರಿಸುವ ಶಕ್ತಿ ಮತ್ತು ಸ್ಪಷ್ಟವಾಗಿ ಬರೆಯುವ ರೂಢಿ ಇವು ಉಳಿದ ಬದುಕಿಗೂ ಒದಗುವ ಗಳಿಕೆಗಳು.

ಶಾಲೆಗಳೂ ಕನ್ನಡ ಸಂಘಗಳೂ ತಮ್ಮ ವಾರ್ಷಿಕ ಕ್ರೀಡಾಕೂಟಗಳಿಗೆ ಪ್ರೇಕ್ಷಕರ ನಡುವಿನಿಂದ ಯಾರನ್ನೋ ಕರೆದು ಸೀಟಿ ಕೊಡುವ ಬದಲು ನೋಂದಾಯಿತ ರೆಫರಿಗಳನ್ನು ಆಹ್ವಾನಿಸಬಹುದು. ಆಟದಲ್ಲಿ ಆಸಕ್ತಿಯುಳ್ಳ ಒಬ್ಬಿಬ್ಬರನ್ನು ಪ್ರತಿ ವರ್ಷ ಶಿಬಿರಕ್ಕೆ ಕಳುಹಿಸಬಹುದು. ಪಂದ್ಯ ಮುಗಿದ ಮೇಲೆ ಸೋತ ತಂಡದ ಮಕ್ಕಳೂ ರೆಫರಿಯ ಕೈ ಕುಲುಕಿ ಹೋಗುವ ಪದ್ಧತಿಯನ್ನು ತರಬೇತುದಾರರು ಕಲಿಸಬಹುದು. ಇದಕ್ಕೆ ಖರ್ಚಿಲ್ಲ.

ಮುಂದಿನ ಮಳೆಗಾಲದಲ್ಲಿ ಡೊಂಬಿವಲಿಯ ಯಾವುದೋ ಕೆಸರು ಮೈದಾನದಲ್ಲಿ ಮೊದಲ ಬಾರಿಗೆ ಸೀಟಿ ಊದುವ ತರುಣ ಅಥವಾ ತರುಣಿ, ಎರಡನೆಯ ಭಾನುವಾರವೂ ಅಲ್ಲಿಗೆ ಬರಬೇಕೆಂದರೆ ಅವರ ನಿಯಮಜ್ಞಾನ ಮಾತ್ರ ಸಾಲದು. ಗೆರೆಯ ಆಚೆ ನಿಂತವರ ನಡತೆಯೂ ಅಷ್ಟೇ ಮುಖ್ಯ.